ಶುಶ್ರೂಷಾ ವೃತ್ತಿ: ಪ್ರವೇಶ ಮತ್ತು ವಿಭಾಗದ ಆಯ್ಕೆ

ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮೇಲೆ ಎರಡು ತಿಂಗಳ ಕಾಲ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಕೆಲವರು ನಾಡಿ ತೋರಿಸಲು ಬರುವುದಿಲ್ಲ, ಅಂಕಪಟ್ಟಿ ತೋರಿಸಲು ಬರುತ್ತಾರೆ. ಮಗಳನ್ನೋ ಮಗನನ್ನೋ ಜೊತೆಗೆ ಕರೆತಂದಿರುತ್ತಾರೆ. "ನರ್ಸಿಂಗಿಗೆ ಹಾಕೋಣವೆಂದಿದ್ದೇವೆ, ಯಾವ ಕೋರ್ಸು ಒಳ್ಳೆಯದು? ಮುಂದೆ ಯಾವ ವಿಭಾಗ ಹಿಡಿದರೆ ಬೇಗ ಕೆಲಸ ಸಿಗುತ್ತದೆ?" ಎಂದು ಕೇಳುತ್ತಾರೆ. ಪ್ರಶ್ನೆ ಕೇಳುವವರು ತಂದೆತಾಯಿಗಳು. ಕಲಿಯಬೇಕಾದ ಮಗು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕುಳಿತಿರುತ್ತದೆ. ಹೀಗೆ ಬಂದವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದುದನ್ನು ಈ ಸಂಚಿಕೆಯಲ್ಲಿ ಒಂದೆಡೆ ಬರೆಯುವ ಪ್ರಯತ್ನ ಮಾಡಿದ್ದೇವೆ.

ಮೊದಲು ಪದದ ಮಾತು. ನರ್ಸಿಂಗ್ ಎಂಬುದಕ್ಕೆ ನಾವು ಕನ್ನಡದಲ್ಲಿ ಬಳಸುವ 'ಶುಶ್ರೂಷೆ' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥ ಸೇವೆಯಲ್ಲ. 'ಶ್ರು' ಎಂದರೆ ಕೇಳು. 'ಶುಶ್ರೂಷಾ' ಎಂದರೆ ಕೇಳಬೇಕೆಂಬ ಇಚ್ಛೆ. ಎದುರಿಗಿರುವವರು ಹೇಳುವುದನ್ನು ಕೇಳಲು ಸಿದ್ಧನಾಗಿರುವವನು ಅವರ ಬೇಕುಬೇಡಗಳನ್ನು ಅರಿತು ನಡೆಯುತ್ತಾನೆ. ಹೀಗೆ ಕೇಳುವುದರಿಂದ ಸೇವೆಯ ಅರ್ಥ ಬಂದಿತು. ಈ ಅರ್ಥವನ್ನು ನಾವು ಕಾಲೇಜಿನಲ್ಲಿ ಓದಿದ್ದೆವು. ಆದರೆ ಅದರ ತಿರುಳು ತಿಳಿದದ್ದು 1987ರ ಒಂದು ರಾತ್ರಿ.

ಆಗ ನಾವು ಪದವಿ ಮುಗಿಸಿ ತಾಲ್ಲೂಕು ಕೇಂದ್ರವೊಂದರ ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿಪಾಳಿಯ ವೈದ್ಯರಾಗಿದ್ದೆವು. ಅಂದು ಮಧ್ಯಾಹ್ನ ಹೆರಿಗೆಯಾದ ಒಬ್ಬ ಬಾಣಂತಿ ಒಳಗಿನ ಕೋಣೆಯಲ್ಲಿದ್ದಳು. ರಾತ್ರಿ ಒಂದು ಗಂಟೆಗೆ ಪಾಳಿಯಲ್ಲಿದ್ದ ಸಿಸ್ಟರ್ ಬಂದು, "ಯಾಕೋ ಆ ತಾಯಿ ಒಂದೇ ಸಮನೆ ಮಗ್ಗುಲು ಬದಲಿಸುತ್ತಿದ್ದಾಳೆ, ಮೂರು ಸಲ ನೀರು ಕೇಳಿದಳು, ನನಗೆ ಸರಿ ಕಾಣುತ್ತಿಲ್ಲ" ಎಂದರು. ನಾವು ಹೋಗಿ ರಕ್ತದೊತ್ತಡ ನೋಡಿದೆವು, ತಗ್ಗಿರಲಿಲ್ಲ. ನಾಡಿ ಸ್ವಲ್ಪ ವೇಗವಾಗಿತ್ತು. ಪ್ರಸವದ ಆಯಾಸ, ವಾತಪ್ರಕೋಪ ಎಂದು ಹೇಳಿ ಬಂದು ಮಲಗಿದೆವು. ಅರ್ಧ ಗಂಟೆಯ ನಂತರ ಆ ಸಿಸ್ಟರ್ ಮತ್ತೆ ಬಂದಾಗ ನಮ್ಮ ಅಭಿಪ್ರಾಯ ಕೇಳಲು ಬಂದಿರಲಿಲ್ಲ. ಅಷ್ಟರಲ್ಲಿ ಅವರು ಹೊಟ್ಟೆ ಮುಟ್ಟಿ ಗರ್ಭಾಶಯ ಮೆತ್ತಗಾಗಿರುವುದನ್ನು ಕಂಡುಕೊಂಡು, ಅದು ಗಟ್ಟಿಯಾಗುವಂತೆ ತಿಕ್ಕುತ್ತಿದ್ದರು; ನೆನೆದ ಬಟ್ಟೆಗಳನ್ನು ಒಂದು ಬೋಗುಣಿಯಲ್ಲಿ ತೆಗೆದಿಟ್ಟಿದ್ದರು; ಆಯಾಳನ್ನು ಅಲ್ಲಿ ನಿಲ್ಲಿಸಿ, ಕಾವಲುಗಾರನನ್ನು ಸೈಕಲ್ಲಿನ ಮೇಲೆ ಹಿರಿಯ ವೈದ್ಯರ ಮನೆಗೆ ಅಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಎರಡು ಬಾಟಲಿ ರಕ್ತ ಕೊಡಬೇಕಾಯಿತು. ತಾಯಿ ಉಳಿದಳು. ಆ ಅರ್ಧ ಗಂಟೆಯ ಹೊಣೆ ಮಾತ್ರ ಇಂದಿಗೂ ನಮ್ಮದೇ. ರೋಗಿ ಹೇಳಿದ್ದನ್ನೂ ಹೇಳದಿದ್ದುದನ್ನೂ ಆ ಸಿಸ್ಟರ್ ಕೇಳಿಸಿಕೊಂಡಿದ್ದರು. ಪದವಿಯ ಗರ್ವದಲ್ಲಿದ್ದ ನಾವು ಅವರ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಅಲ್ಲಿ ಹೇಳಿರುವ ಗುಣಗಳೂ ನಾಲ್ಕು. ಉಪಚಾರಜ್ಞತೆ, ಅಂದರೆ ಆರೈಕೆಯ ವಿದ್ಯೆ ತಿಳಿದಿರುವುದು; ದಾಕ್ಷ್ಯ, ಅಂದರೆ ಕೈಚಳಕ ಮತ್ತು ಸಮಯಸ್ಫೂರ್ತಿ; ರೋಗಿಯಲ್ಲಿ ಅನುರಾಗ; ಮತ್ತು ಶೌಚ. ವಿದ್ಯೆಯನ್ನು ಮೊದಲು ಹೇಳಿ ಅನುರಾಗವನ್ನು ಆಮೇಲೆ ಹೇಳಿರುವುದನ್ನು ಗಮನಿಸಬೇಕು. "ನಮ್ಮ ಹುಡುಗಿಗೆ ಮನಸ್ಸು ತುಂಬ ಮೃದು, ನರ್ಸಿಂಗ್ ಹೊಂದುತ್ತದೆ" ಎನ್ನುವವರಿಗೆ ನಾವು ಇದನ್ನು ನೆನಪಿಸುತ್ತೇವೆ. ಔಷಧದ ಪ್ರಮಾಣವನ್ನು ತಪ್ಪಾಗಿ ಲೆಕ್ಕ ಹಾಕುವ ಮೃದುಮನಸ್ಸಿನಿಂದ ರೋಗಿಗೆ ಅಪಾಯವೇ ಹೊರತು ಉಪಕಾರವಿಲ್ಲ. ಅದೇ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಆತುರಾಲಯದ ವರ್ಣನೆಯಿದೆ. ಅಲ್ಲಿ ಅಡುಗೆ ಬಲ್ಲವರು, ಸ್ನಾನ ಮಾಡಿಸುವವರು, ಅಂಗಮರ್ದನ ಬಲ್ಲವರು, ರೋಗಿಯನ್ನು ಎಬ್ಬಿಸಿ ಕೂರಿಸಿ ಮಲಗಿಸಬಲ್ಲವರು, ಔಷಧ ಅರೆಯುವವರು ಇರಬೇಕೆಂದು ಹೇಳಿ, ಹಾಡು ವಾದ್ಯ ಕಥೆಗಳಲ್ಲಿ ನುರಿತವರೂ ಇರಬೇಕೆಂದು ಸೇರಿಸಲಾಗಿದೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸದಲ್ಲಿ ನೈಪುಣ್ಯವೆಂಬ ವಿಚಾರ, ಅಂದರೆ ಇಂದು ನಾವು ಸ್ಪೆಷಾಲಿಟಿ ಎನ್ನುವುದರ ಬೀಜ, ಅಲ್ಲಿಯೇ ಇದೆ.

ಇನ್ನು ಕೋರ್ಸುಗಳ ವಿಚಾರ. ಎಎನ್‌ಎಂ ಎರಡು ವರ್ಷದ್ದು. ಹಳ್ಳಿಯ ಉಪಕೇಂದ್ರದ ತಾಯಿ-ಮಕ್ಕಳ ಆರೋಗ್ಯ, ಲಸಿಕೆಗಳ ಕೆಲಸಕ್ಕೆ ಮುಖ್ಯವಾಗಿ ರೂಪಿತವಾದದ್ದು. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ; ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ಓದಿದವರಿಗೂ ಅವಕಾಶವಿದೆ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಇಂಗ್ಲಿಷ್ ಓದಿರಬೇಕು, ಹದಿನೇಳು ವರ್ಷ ತುಂಬಿರಬೇಕು. ಸರ್ಕಾರಿ ಕೋಟಾದ ಸೀಟುಗಳು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ. ಜಿಎನ್‌ಎಂ ಮುಗಿಸಿದವರು ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಿ ಪದವೀಧರರಾಗಬಹುದು. ಮನೆಯ ಪರಿಸ್ಥಿತಿ ಇಕ್ಕಟ್ಟಿನದಾಗಿದ್ದರೆ ಈ ಮೆಟ್ಟಿಲು ಮೆಟ್ಟಿಲಾದ ದಾರಿಯಲ್ಲಿ ಕೀಳೇನೂ ಇಲ್ಲ. ಸಾಲ ಮಾಡಿ ನಾಲ್ಕು ವರ್ಷ ಓದಿಸಿ, ಆ ಸಾಲ ತೀರಿಸುವುದಕ್ಕೆಂದೇ ಮಗಳನ್ನು ಮನಸ್ಸಿಲ್ಲದ ವಿಭಾಗಕ್ಕೆ ದೂಡುವುದಕ್ಕಿಂತ ಇದು ಮೇಲು.

ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡಬೇಡಿ, ಆಸ್ಪತ್ರೆಯನ್ನು ನೋಡಿ. ಪದವಿ ಕಾಲೇಜಿಗೆ ನೂರು ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕೆಂಬುದೂ, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಪ್ರಮಾಣದಲ್ಲಿ ಅಭ್ಯಾಸಕ್ಕೆ ಅನುಕೂಲವಿರಬೇಕೆಂಬುದೂ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಪ್ರವೇಶಕ್ಕೆ ಮೊದಲು ಒಂದು ದಿನ ಮಧ್ಯಾಹ್ನ ಹೋಗಿ ವಾರ್ಡುಗಳಲ್ಲಿ ನಡೆದಾಡಿ ಬನ್ನಿ. ಹಾಸಿಗೆಗಳು ಮಡಿಕೆಯೂ ಮುರಿಯದ ಹೊದಿಕೆ ಹೊದ್ದು ಖಾಲಿ ಮಲಗಿದ್ದರೆ, ಅಲ್ಲಿ ನಿಮ್ಮ ಮಗು ಪುಸ್ತಕದಲ್ಲಿ ರೋಗಿಯನ್ನು ಕಾಣುತ್ತದೆಯೇ ಹೊರತು ಮಂಚದ ಮೇಲೆ ಕಾಣುವುದಿಲ್ಲ. ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ, ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಮಾನ್ಯತೆಯುಳ್ಳ ಬೇರೆ ವಿಶ್ವವಿದ್ಯಾಲಯದ ಅಡಿ ಇದೆಯೇ, ಡಿಪ್ಲೊಮಾ ಆದರೆ ರಾಜ್ಯದ ಪರೀಕ್ಷಾ ಮಂಡಳಿಯ ಅಡಿ ಇದೆಯೇ ಎಂಬುದನ್ನು ಆಯಾ ಕಚೇರಿಯಿಂದಲೇ ತಿಳಿದುಕೊಳ್ಳಬೇಕು, ಏಜೆಂಟನ ಬಾಯಿಂದಲ್ಲ. 1947ರ ಕಾಯ್ದೆಯ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ತರಲು ಸಂಸತ್ತು 2023ರಲ್ಲಿ ಕಾಯ್ದೆ ಮಾಡಿರುವುದರಿಂದ ನಿಯಮಗಳು ಬದಲಾಗುವ ಕಾಲವಿದು. ಹೋದ ವರ್ಷ ಪಕ್ಕದ ಮನೆಯವರಿಗೆ ಅನ್ವಯಿಸಿದ್ದು ಈ ವರ್ಷವೂ ಹಾಗೆಯೇ ಇರುತ್ತದೆಂದು ಭಾವಿಸಬಾರದು. ಮೂಲ ಅಂಕಪಟ್ಟಿಗಳನ್ನು 'ನಮ್ಮಲ್ಲೇ ಇರಲಿ' ಎಂದು ಇಟ್ಟುಕೊಳ್ಳುವ ಸಂಸ್ಥೆ, ಅದು ಕಾಲೇಜಾಗಲಿ ಆಸ್ಪತ್ರೆಯಾಗಲಿ, ನಂಬಿಕೆಗೆ ಅರ್ಹವಲ್ಲವೆಂಬುದು ನಮ್ಮ ಅನುಭವ.

ಓದು ಮುಗಿದು ನೋಂದಣಿಯಾದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ. ಯಾವ ವಿಭಾಗ? ನಮ್ಮ ಉತ್ತರ ಅನೇಕರಿಗೆ ರುಚಿಸುವುದಿಲ್ಲ: ಮೊದಲ ಒಂದೆರಡು ವರ್ಷ ಯಾವ ವಿಭಾಗವೂ ಬೇಡ. ಸಾಮಾನ್ಯ ವಾರ್ಡಿನಲ್ಲಿ, ಮೆಡಿಕಲ್ ಮತ್ತು ಸರ್ಜಿಕಲ್ ಎರಡರಲ್ಲಿಯೂ, ದುಡಿಯಬೇಕು. ಜ್ವರ, ಮಧುಮೇಹ, ಪಾರ್ಶ್ವವಾಯು, ಶಸ್ತ್ರಚಿಕಿತ್ಸೆಯ ಗಾಯ, ಮೂಳೆಮುರಿತ, ವಿಷ ಕುಡಿದವರು, ಯಾರೂ ಇಲ್ಲದ ಮುದುಕರು ಎಲ್ಲರೂ ಒಂದೇ ಸಾಲಿನಲ್ಲಿ ಮಲಗಿರುವ ಜಾಗ ಅದು. ಅಲ್ಲಿ ಕಣ್ಣು ಪಳಗುತ್ತದೆ. ಉಸಿರಾಟದ ಎಣಿಕೆ ಹದಿನೆಂಟರಿಂದ ಇಪ್ಪತ್ತಾರಕ್ಕೆ ಏರಿದ್ದನ್ನು ಯಂತ್ರವಿಲ್ಲದೆ ಬಾಗಿಲಲ್ಲಿ ನಿಂತೇ ಗುರುತಿಸುವ ಶಕ್ತಿ ಅಲ್ಲಿ ಬರುತ್ತದೆ. ನೇರವಾಗಿ ತೀವ್ರನಿಗಾ ಘಟಕಕ್ಕೆ ಹೋದವರಿಗೆ ಪರದೆಯ ಅಂಕಿಗಳು ತಿಳಿಯುತ್ತವೆ, ಮುಖ ತಿಳಿಯುವುದು ತಡವಾಗುತ್ತದೆ. ಇದು ಹಳಬರ ಹಟವೆಂದು ತಿಳಿಯಬೇಡಿ. ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಎಂ.ಎಸ್‌ಸಿ. ನರ್ಸಿಂಗಿಗೂ, ವಿಶೇಷ ವಿಭಾಗಗಳ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿಗೂ, ತೀವ್ರನಿಗಾ ವಿಭಾಗದ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೂ ಸೇವಾನುಭವವನ್ನು ಕೇಳುತ್ತಾರೆ.

ಮೂಲ ಆರೈಕೆಯ ಬೆಲೆ ಏನೆಂಬುದಕ್ಕೆ ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ಬದುಕೇ ಸಾಕ್ಷಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರ ಮೇಲೆ 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಘೋರ ಹಲ್ಲೆ ನಡೆಯಿತು. ಮಿದುಳಿಗೆ ಆದ ಹಾನಿಯಿಂದ ಅವರು ಮತ್ತೆ ಏಳಲಿಲ್ಲ. 2015ರ ಮೇ ತಿಂಗಳಲ್ಲಿ ಕೊನೆಯುಸಿರೆಳೆಯುವವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸುಗಳು ಅವರಿಗೆ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ ನೋಡಿಕೊಂಡರು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅವರ ವಿಚಾರವನ್ನು ಪರಿಶೀಲಿಸಿದಾಗ, ಅಷ್ಟು ವರ್ಷ ಹಾಸಿಗೆ ಹಿಡಿದ ಆ ದೇಹದಲ್ಲಿ ಹಾಸಿಗೆಹುಣ್ಣು ಆಗದಂತೆ ನೋಡಿಕೊಂಡದ್ದು ಗಮನಕ್ಕೆ ಬಂದಿತು. ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು ಯಾವ ಪ್ರಶಸ್ತಿಗೂ ಬಾರದ ಕೆಲಸ. ತಲೆಮಾರುಗಳ ನರ್ಸುಗಳು ಅದನ್ನು ಒಬ್ಬರಿಂದೊಬ್ಬರು ವಹಿಸಿಕೊಂಡರು.

ಈ ವೃತ್ತಾಂತದ ಇನ್ನೊಂದು ಮುಖವನ್ನೂ ಮರೆಯಬಾರದು. ಆಸ್ಪತ್ರೆಯೊಳಗೇ ಹೆಣ್ಣುಮಗಳು ಸುರಕ್ಷಿತಳಾಗಿರಲಿಲ್ಲ. ಕೆಲಸಕ್ಕೆ ಸೇರುವ ಮುನ್ನ ಉಡುಪು ಬದಲಿಸುವ ಕೋಣೆ ಎಲ್ಲಿದೆ, ಅದಕ್ಕೆ ಒಳಗಿನಿಂದ ಅಗುಳಿ ಇದೆಯೇ, ರಾತ್ರಿಪಾಳಿಗೆ ವಾಹನವಿದೆಯೇ, 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಇರಲೇಬೇಕಾದ ಆಂತರಿಕ ದೂರು ಸಮಿತಿ ಇದೆಯೇ, ಅದರ ಸದಸ್ಯರ ಹೆಸರು ಗೋಡೆಯ ಮೇಲಿದೆಯೇ ಎಂದು ನೋಡಬೇಕು. ಇವನ್ನು ಕೇಳುವುದು ಉದ್ಧಟತನವಲ್ಲ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಸೇರಬೇಡಿ.

ಈ ಅಂಕಣವು ಆರೋಗ್ಯಕ್ಕೆ ಸಂಬಂಧಿಸಿದ್ದಾದ್ದರಿಂದ, ಆರೈಕೆ ಮಾಡುವವರ ಸ್ವಂತ ಆರೋಗ್ಯದ ಬಗ್ಗೆ ತುಸು ವಿಸ್ತಾರವಾಗಿ ಹೇಳುತ್ತೇವೆ. ಮೊದಲನೆಯದು, ವಾರ್ಡಿಗೆ ಕಾಲಿಡುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಚುಚ್ಚುಮದ್ದು. ಮೂರನೆಯದಾದ ಒಂದೆರಡು ತಿಂಗಳಿಗೆ ಪ್ರತಿಕಾಯ ಬಂದಿದೆಯೇ ಎಂಬ ರಕ್ತಪರೀಕ್ಷೆ. ಅನೇಕ ವಿದ್ಯಾರ್ಥಿಗಳು ಎರಡನೆಯದಕ್ಕೇ ನಿಲ್ಲಿಸಿಬಿಡುತ್ತಾರೆ. ಎರಡನೆಯದು, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಅಕಸ್ಮಾತ್ ಚುಚ್ಚಿಕೊಂಡರೆ ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಗಿಡಬಾರದು, ಸ್ಪಿರಿಟ್ ಸುರಿಯಬಾರದು. ಇಲ್ಲಿ ಅರಿಶಿನಕ್ಕೂ ಕೆಲಸವಿಲ್ಲ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧ ಬೇಕೆಂದು ತೀರ್ಮಾನವಾದರೆ ಸಾಧ್ಯವಾದಷ್ಟು ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟು ನಾಲ್ಕು ದಿನದ ಮೇಲೆ ನಮ್ಮ ಬಳಿ ಅಳುತ್ತ ಬಂದ ಒಬ್ಬ ಹುಡುಗಿಯ ಮುಖ ನಮಗೆ ನೆನಪಿದೆ. ಅವಳಿಗೆ ಏನೂ ಆಗಲಿಲ್ಲ. ಆದರೆ ಪರೀಕ್ಷೆಗಳ ಫಲಿತಾಂಶ ಸ್ಪಷ್ಟವಾಗುವವರೆಗಿನ ತಿಂಗಳುಗಳನ್ನು ಅವಳು ಹೇಗೆ ಕಳೆದಳೆಂಬುದು ಅವಳಿಗೇ ಗೊತ್ತು.

ಮೂರನೆಯದು ವೇಗಧಾರಣೆ. ಮಲಮೂತ್ರಾದಿ ವೇಗಗಳನ್ನು ತಡೆಯಬಾರದೆಂಬುದಕ್ಕೆ ಚರಕಾಚಾರ್ಯರು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ನರ್ಸುಗಳು ಪ್ರತಿದಿನ ಮುರಿಯುವ ನಿಯಮ ಅದು. ಪಾಳಿಯಲ್ಲಿ ಶೌಚಾಲಯಕ್ಕೆ ಹೋಗಲು ಬಿಡುವಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ ಎಂದು ನಮ್ಮ ಬಳಿ ಬರುವ ತರುಣಿಯರಲ್ಲಿ ನರ್ಸುಗಳು, ಶಿಕ್ಷಕಿಯರು, ಬಸ್ ನಿರ್ವಾಹಕಿಯರು ಎದ್ದು ಕಾಣುತ್ತಾರೆ. ಪಾಳಿಯ ನಡುವೆ ಎರಡು ಬಾರಿಯಾದರೂ ಜೊತೆಗಾರ್ತಿಗೆ ಹೇಳಿ ಹೋಗಿಬರುವ ಅಭ್ಯಾಸವನ್ನು ಮೊದಲ ವಾರದಿಂದಲೇ ಮಾಡಿಕೊಳ್ಳಬೇಕು. ರಾತ್ರಿ ಜಾಗರಣೆ ರೂಕ್ಷತೆಯನ್ನೂ ವಾತವನ್ನೂ ಹೆಚ್ಚಿಸುತ್ತದೆ. ರಾತ್ರಿ ಎಷ್ಟು ಹೊತ್ತು ಎಚ್ಚರವಾಗಿದ್ದರೋ ಅದರ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಬೇಕೆಂಬ ಸಲಹೆ ಅಷ್ಟಾಂಗಹೃದಯದಲ್ಲಿದೆ, ರಾತ್ರಿಪಾಳಿಯವರಿಗೆಂದೇ ಬರೆದಂತಿದೆ. ಎಂಟು ಗಂಟೆ ದುಡಿದು ಬಂದವರು ಕಿಟಕಿಗೆ ದಪ್ಪ ಪರದೆ ಎಳೆದು ನಾಲ್ಕು ಗಂಟೆ ಮಲಗಿ, ಎದ್ದು ಸ್ನಾನ ಮಾಡಿ ಊಟ ಮಾಡಲಿ. ಹೊಟ್ಟೆ ತುಂಬ ತಿಂಡಿ ತಿಂದು ಮಲಗುವುದರಿಂದಲೇ ಆಮ್ಲಪಿತ್ತ, ಮೈಭಾರಗಳು ಆರಂಭವಾಗುತ್ತವೆ. ಮಲಗುವಾಗ ಅಂಗಾಲಿಗೆ, ಮೀನಖಂಡಕ್ಕೆ ಎಳ್ಳೆಣ್ಣೆ ತಿಕ್ಕಿಕೊಳ್ಳಿ. ಒಬ್ಬರೇ ರೋಗಿಯನ್ನು ಎತ್ತಬೇಡಿ. ಸೊಂಟ ಒಮ್ಮೆ ಹೋದರೆ ಮೂವತ್ತು ವರ್ಷದ ಕೆಲಸ ಹೋದಂತೆ.

ಈಗ ವಿಭಾಗಗಳು. ಸ್ನಾತಕೋತ್ತರದಲ್ಲಿ ಮುಖ್ಯವಾಗಿ ಐದು ಶಾಖೆಗಳಿವೆ: ಮೆಡಿಕಲ್-ಸರ್ಜಿಕಲ್, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಹೃದ್ರೋಗ, ತೀವ್ರನಿಗಾ, ಕ್ಯಾನ್ಸರ್, ನರರೋಗ, ಮೂತ್ರಪಿಂಡ ಇವೆಲ್ಲ ಮೊದಲನೆಯ ಶಾಖೆಯ ಕೊಂಬೆಗಳು.

ತೀವ್ರನಿಗಾ ಘಟಕಕ್ಕೆ ಹೋಗಬಯಸುವವರೇ ಹೆಚ್ಚು. ಬೇಡಿಕೆ ಇದೆ, ಸಂಬಳ ಒಂದಿಷ್ಟು ಹೆಚ್ಚು, ವಿದೇಶಕ್ಕೂ ಅನುಕೂಲ. ಕೃತಕ ಉಸಿರಾಟದ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಅಲ್ಲಿನ ಮಾನದಂಡ. ಲೆಕ್ಕದಲ್ಲಿ ಚುರುಕಾಗಿರುವವರಿಗೆ, ಗಂಟೆಗಟ್ಟಲೆ ಒಂದೇ ಕಡೆ ಗಮನವಿಡಬಲ್ಲವರಿಗೆ ಅದು ಹೊಂದುತ್ತದೆ. ಆದರೆ ರೋಗಿ ನಿಮ್ಮೊಡನೆ ಮಾತನಾಡುವುದಿಲ್ಲ, ಸ್ವಲ್ಪ ಗುಣವಾದ ಕೂಡಲೇ ಬೇರೆ ವಾರ್ಡಿಗೆ ಹೋಗಿಬಿಡುತ್ತಾನೆ. ಶಸ್ತ್ರಚಿಕಿತ್ಸಾ ಕೋಣೆಯೂ ಹಾಗೆಯೇ. ಅಲ್ಲಿ ಶಿಸ್ತು, ಎಣಿಕೆ, ನೆನಪು ಮುಖ್ಯ. ಹೊಟ್ಟೆ ಹೊಲಿಯುವ ಮೊದಲು ಗಾಜ್ ಬಟ್ಟೆಗಳ ಲೆಕ್ಕ ತಾಳೆಯಾಗಲಿಲ್ಲವೆಂದರೆ ಎಷ್ಟೇ ದೊಡ್ಡ ಸರ್ಜನ್ ಆದರೂ ಅವರ ಕೈ ಹಿಡಿದು ನಿಲ್ಲಿಸುವ ಧೈರ್ಯ ಬೇಕು.

ಡಯಾಲಿಸಿಸ್ ಬೇರೆಯೇ ಲೋಕ. ಅದೇ ರೋಗಿ ವಾರಕ್ಕೆ ಎರಡು ಮೂರು ಬಾರಿ, ನಾಲ್ಕು ನಾಲ್ಕು ಗಂಟೆ, ವರ್ಷಗಟ್ಟಲೆ ನಿಮ್ಮೆದುರು ಮಲಗುತ್ತಾನೆ. ಅವನ ಮಗಳ ಮದುವೆಯ ಸುದ್ದಿಯೂ ನಿಮಗೆ ಗೊತ್ತಿರುತ್ತದೆ, ಅವನು ನಿನ್ನೆ ಕದ್ದು ಕುಡಿದ ನೀರಿನ ಲೆಕ್ಕವೂ ಗೊತ್ತಿರುತ್ತದೆ. 2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ನಂತರ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಈ ಸೇವೆ ಬೆಳೆದಿರುವುದರಿಂದ, ಊರು ಬಿಡಲಾಗದವರು ಇದನ್ನು ಯೋಚಿಸಬಹುದು.

ಪ್ರಸೂತಿ ವಿಭಾಗದ ಬಗ್ಗೆ ನಮಗೆ ಪಕ್ಷಪಾತವಿದೆ. ಕಾರಣವನ್ನು ಮೊದಲೇ ಹೇಳಿದ್ದೇವೆ. ಸೂತಿಕಾಗಾರದಲ್ಲಿ ಸ್ವತಃ ಹೆತ್ತು ಅನುಭವವುಳ್ಳ, ಪ್ರೀತಿಯುಳ್ಳ, ಕುಶಲರಾದ ಸ್ತ್ರೀಯರು ಜೊತೆಗಿರಬೇಕೆಂದು ಚರಕದ ಶಾರೀರಸ್ಥಾನ ಹೇಳುತ್ತದೆ. ಹಳ್ಳಿಯ ಸೂಲಗಿತ್ತಿಯರಲ್ಲಿ ಆ ಗುಣಗಳಿದ್ದವು, ಆದರೆ ರಕ್ತಸ್ರಾವ ಮತ್ತು ನಂಜನ್ನು ಎದುರಿಸುವ ಸಾಧನವಿರಲಿಲ್ಲ. ಕೇಂದ್ರ ಸರ್ಕಾರವು 2018ರಲ್ಲಿ ಪ್ರಸವ ಸೇವೆಗೆ ಮಾರ್ಗಸೂಚಿ ತಂದು, ನೋಂದಾಯಿತ ನರ್ಸುಗಳಿಗೆ ಹದಿನೆಂಟು ತಿಂಗಳ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫ್ ತರಬೇತಿಯನ್ನು ರೂಪಿಸಿದೆ. ಸಹಜ ಹೆರಿಗೆಯನ್ನು ತಾವೇ ನಡೆಸಿ, ಅಪಾಯ ಕಂಡಾಗ ವೈದ್ಯರಿಗೆ ಒಪ್ಪಿಸುವ ಹೊಣೆ ಅವರದು. ತಾಳ್ಮೆಯಿಂದ ಕಾಯುವುದೂ, ಕಾಯುವುದನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಬೇಕೆಂಬುದೂ ತಿಳಿದಿರುವವರಿಗೆ ಇದಕ್ಕಿಂತ ಹಿರಿದಾದ ಕೆಲಸವನ್ನು ನಾವು ಕಾಣೆವು.

ಮಕ್ಕಳ ವಿಭಾಗಕ್ಕೆ ಮಕ್ಕಳೆಂದರೆ ಇಷ್ಟ ಎಂಬುದು ಸಾಲದು. ಅಲ್ಲಿ ಒಬ್ಬ ರೋಗಿಗೆ ಮೂವರು ರೋಗಿಗಳಿರುತ್ತಾರೆ: ಮಗು, ತಾಯಿ, ಅಜ್ಜಿ. ಔಷಧದ ಪ್ರಮಾಣವೂ ಮಗುವಿನ ತೂಕಕ್ಕೆ ಲೆಕ್ಕ ಹಾಕಿದ್ದು. ದಶಮಾಂಶದ ಚುಕ್ಕಿ ಒಂದು ಸ್ಥಾನ ಜರುಗಿದರೆ ಹತ್ತು ಪಟ್ಟು ಔಷಧ ಹೋಗುತ್ತದೆ.

ಮಾನಸಿಕ ಆರೋಗ್ಯ ಎಂದರೆ ತಂದೆತಾಯಿಗಳು ಕುರ್ಚಿಯಿಂದ ಅರ್ಧ ಏಳುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂತಹ ಸಂಸ್ಥೆಗಳಿರುವಾಗ, ಈ ವಿದ್ಯೆಯನ್ನು ಕಲಿಯಲು ಬೇರೆ ರಾಜ್ಯದವರು ಇಲ್ಲಿಗೆ ಬರುವಾಗ, ನಮ್ಮವರು ಹಿಂದೆಗೆಯುವುದು ವಿಚಿತ್ರ. ನಮಗೆ ಪರಿಚಯದ ಒಬ್ಬ ರೈತನ ಮಗ ಜಿಎನ್‌ಎಂ ಮುಗಿಸಿ ವಾರ್ಡಿನಲ್ಲಿದ್ದಾಗ, ವಿಷ ಕುಡಿದು ಬಂದು ಬದುಕುಳಿದವರೊಡನೆ ಹೆಚ್ಚು ಹೊತ್ತು ಕಳೆಯುತ್ತಿದ್ದನಂತೆ. ಹೊಟ್ಟೆ ತೊಳೆದ ಮೇಲೆ ಅವರೊಡನೆ ಮಾತನಾಡುವವರು ಯಾರೂ ಇರುತ್ತಿರಲಿಲ್ಲ ಎಂದು ಅವನೇ ನಮಗೆ ಹೇಳಿದ. ಈಗ ಅವನು ಮಾನಸಿಕ ಆರೋಗ್ಯ ವಿಭಾಗದಲ್ಲಿಯೇ ಇದ್ದಾನೆ. ಗಂಡುಮಕ್ಕಳಿಗೆ ನರ್ಸಿಂಗ್ ಏಕೆ ಎನ್ನುವವರಿಗೆ ನಾವು ಅವನ ಉದಾಹರಣೆ ಕೊಡುತ್ತೇವೆ.

ಕ್ಯಾನ್ಸರ್ ಮತ್ತು ಉಪಶಮನ ಆರೈಕೆಯನ್ನು ಯಾರಿಗೂ ನಾವು ಶಿಫಾರಸು ಮಾಡುವುದಿಲ್ಲ, ಯಾರನ್ನೂ ತಡೆಯುವುದೂ ಇಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ, ಅಂತಿಮ ಹಂತದ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುವ ಕರುಣಾಶ್ರಯದಲ್ಲಿ ಆ ಕೆಲಸವನ್ನು ಕಾಣಬಹುದು. ಅಲ್ಲಿ ಗುಣಪಡಿಸುವುದಕ್ಕಿಂತ ನೋವು ತಗ್ಗಿಸುವುದು ದೊಡ್ಡ ವಿದ್ಯೆ. ಹಣದ ದೃಷ್ಟಿಯಿಂದ ತೀವ್ರನಿಗಾ ಘಟಕ ಸೇರಿದ್ದ ನಮ್ಮ ನೆರೆಯೂರಿನ ಹುಡುಗಿಯೊಬ್ಬಳು ಎರಡು ವರ್ಷಕ್ಕೆ ಅದನ್ನು ಬಿಟ್ಟು ಕ್ಯಾನ್ಸರ್ ವಾರ್ಡಿಗೆ ಹೋದಳು. ಮನೆಯವರು ನಮ್ಮ ಬಳಿ ದೂರು ತಂದರು. ಕೇಳಿದಾಗ ಅವಳು ಹೇಳಿದ್ದಿಷ್ಟೇ: "ಅಲ್ಲಿ ಗಡಿಯಾರ ನೋಡುತ್ತಿದ್ದೆ, ಇಲ್ಲಿ ನೋಡುತ್ತಿಲ್ಲ."

ಸಮುದಾಯ ಆರೋಗ್ಯ ಊರಲ್ಲೇ ಇರಬೇಕೆನ್ನುವವರಿಗೆ ಒಳ್ಳೆಯ ದಾರಿ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ರಕ್ತದೊತ್ತಡ, ಮಧುಮೇಹಗಳ ತಪಾಸಣೆ ನಡೆಸುವ ನರ್ಸ್ ಇಂದು ಅನೇಕ ಹಳ್ಳಿಗಳಿಗೆ ಹತ್ತಿರದ ಆರೋಗ್ಯ ಸಲಹೆಗಾರರು. ಪಂಚಕರ್ಮ ಕೇಂದ್ರಗಳ ಕೆಲಸದ ಬಗ್ಗೆಯೂ ಕೆಲವರು ಕೇಳುತ್ತಾರೆ. ಬನ್ನಿ, ಸಂತೋಷ, ಆದರೆ ಮೊದಲು ವಾರ್ಡು ಕಲಿತು ಬನ್ನಿ. ವಿದೇಶದ ಆಸೆಯುಳ್ಳವರು ಭಾಷೆಯನ್ನು ಮೊದಲ ವರ್ಷದಿಂದಲೇ ಅಭ್ಯಾಸ ಮಾಡಬೇಕು, ಕೊಲ್ಲಿ ದೇಶಗಳಿಗೆ ಕಳುಹಿಸುವ ಏಜೆಂಟನ ಪರವಾನಗಿಯನ್ನು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಪರೀಕ್ಷಿಸಿಕೊಳ್ಳಬೇಕು.

ಇಷ್ಟರಲ್ಲಿ ಯಾವುದು ತನ್ನದೆಂದು ತಿಳಿಯುವುದು ಹೇಗೆ? ಒಂದು ಸಣ್ಣ ಉಪಾಯವನ್ನು ನಾವು ಹೇಳಿಕೊಡುತ್ತೇವೆ. ಮೊದಲ ವರ್ಷ ಪ್ರತಿ ಪಾಳಿಯ ನಂತರ, ಮಲಗುವ ಮುನ್ನ, ಅಂದು ಮನಸ್ಸಿನಲ್ಲಿ ಉಳಿದ ಒಬ್ಬ ರೋಗಿಯ ಬಗ್ಗೆ ನಾಲ್ಕು ಸಾಲು ಬರೆಯಿರಿ. ಹೆಸರು ಬೇಡ, ಅವರ ಗುಟ್ಟು ನಿಮ್ಮ ಪುಸ್ತಕಕ್ಕೂ ಬರಬಾರದು. ಏನು ಕಂಡಿರಿ, ಏನು ಮಾಡಿದಿರಿ, ಏನು ತಿಳಿಯಲಿಲ್ಲ ಎಂಬುದಷ್ಟೇ ಸಾಕು. ವರ್ಷದ ಕೊನೆಯಲ್ಲಿ ಓದಿ ನೋಡಿದರೆ ಯಾರ ಬಗ್ಗೆ ಹೆಚ್ಚು ಬರೆದಿದ್ದೀರಿ, ಯಾರ ಬಗ್ಗೆ ಬರೆಯುವುದನ್ನು ತಪ್ಪಿಸಿದ್ದೀರಿ ಎಂಬುದು ತಾನಾಗಿ ಕಾಣುತ್ತದೆ. ಎರಡೂ ಮುಖ್ಯ. ಮಕ್ಕಳ ನೋವನ್ನು ತಾಳಲಾರದವರು ಮಕ್ಕಳ ವಿಭಾಗ ಬಿಡುವುದು ಹೇಡಿತನವಲ್ಲ; ತಾಳಲಾರದೆಯೂ ಅಲ್ಲೇ ಉಳಿದರೆ ಕೆಲವು ವರ್ಷಗಳಲ್ಲಿ ಮನಸ್ಸು ಮರಗಟ್ಟುತ್ತದೆ. ಮರಗಟ್ಟಿದ ಮೇಲೆ ರೋಗಿಯ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ.

ಕೊನೆಗೆ, ಬಾಗಿಲವರೆಗೆ ಹೋದವರು ಹಿಂತಿರುಗಿ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ: "ನರ್ಸ್ ಎಂದರೆ ಮುಂದೆ ಸಂಬಂಧ ಬರುತ್ತದೆಯೇ?" ಹೇಸಿಗೆ ಬಳಿಯುವ ಕೆಲಸವೆಂಬ ಅಳುಕು ಅದರ ಹಿಂದಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಆದರೂ ಕೇಳುವವರು ಈ ಪತ್ರಿಕೆಯ ಓದುಗರೇ ಆಗಿರುತ್ತಾರೆ. ಅವರಿಗೆ ನಾವು ಮರುಪ್ರಶ್ನೆ ಹಾಕುತ್ತೇವೆ: ನಿಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾಗ ಅವರ ಹಾಸಿಗೆ ಬದಲಿಸಿದವರು ಯಾರು, ಅವರ ಹೆಸರು ನೆನಪಿದೆಯೇ? ಈವರೆಗೆ ಒಬ್ಬರು ಮಾತ್ರ ಹೆಸರು ಹೇಳಿದ್ದಾರೆ.

ಕಳೆದ ವಾರ ಬಂದಿದ್ದ ಹುಡುಗಿಗೆ ಮುಂದಿನ ತಿಂಗಳು ಜಿಎನ್‌ಎಂ ತರಗತಿಗಳು ಆರಂಭ. ಹೆಪಟೈಟಿಸ್ ಬಿ ಮೊದಲ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡು ಚೀಟಿ ತಂದು ತೋರಿಸಿದಳು. ಎರಡನೆಯದರ ದಿನಾಂಕವನ್ನು ಅದರ ಮೇಲೆ ದೊಡ್ಡದಾಗಿ ಬರೆದುಕೊಟ್ಟೆವು. ಎರಡು ಜೊತೆ ಮೆತ್ತನೆಯ ಬೂಟು, ಹತ್ತಿಯ ಕಾಲುಚೀಲ, ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಕೊಳ್ಳುವಂತೆ ಅವಳ ತಂದೆಗೆ ಹೇಳಿದೆವು. ಗಡಿಯಾರ ಮೊಬೈಲಿನಲ್ಲೇ ಇದೆಯಲ್ಲ ಎಂದರು. ನಾಡಿ ಹಿಡಿಯುವಾಗ ಇನ್ನೊಂದು ಕೈಯಲ್ಲಿ ಮೊಬೈಲು ಇರಬಾರದು ಎಂದು ಮಗಳೇ ಉತ್ತರ ಕೊಟ್ಟಳು.